ಓದಲು ಬಾರದ ಆಟ

ತವರುಮನೆಯಲ್ಲಿ ಅವಳ ಹೆಸರು ಮೊದ್ದು. ಇಟ್ಟವಳು ಅಕ್ಕ, ಒಪ್ಪಿಕೊಂಡದ್ದು ಇಡೀ ಮನೆ. ಕೂಡುವ ಲೆಕ್ಕಕ್ಕೆ ಬೆರಳು ಬೇಕು, ಪದ್ಯ ಬಾಯಿಗೆ ಬರಲು ವಾರ ಬೇಕು, ಹೇಳಿದ ಮಾತನ್ನು ಇನ್ನೊಂದು ಸಲ ಹೇಳಬೇಕು. ಪ್ರೀತಿಯಿಂದಲೇ ಕರೆಯುತ್ತಿದ್ದರು ಅನ್ನಿ. ಆದರೆ ಪ್ರೀತಿಯಿಂದ ದಿನಾ ಕರೆದರೆ ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ. ಮದುವೆಯಾಗಿ ಬರುವಾಗ ಅವಳು ಬಟ್ಟೆಬರೆಯ ಜೊತೆ ಆ ಹೆಸರನ್ನೂ ಮಡಚಿಟ್ಟುಕೊಂಡು ಬಂದಳು. ಗಂಡನ ಮನೆಯಲ್ಲಿ ಯಾರೂ ಹಾಗೆ ಕರೆಯದಿದ್ದಾಗ, ಹಾಲು ಉಕ್ಕಿಸಿದಾಗಲೆಲ್ಲ ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದಳು.

ಗಂಡನಿಗೆ ಬೀದಿಯವರು ಇಟ್ಟ ಹೆಸರು ಪಂಡಿತ. ದೊಡ್ಡ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಬಿರುದು ಬಂದದ್ದು ಮಾತ್ರ ಓದುವ ಚಟದಿಂದ. ಮಾತ್ರೆ ಡಬ್ಬಿಯೊಳಗಿನ ಚೀಟಿ, ಸೋಪಿನ ಹಿಂಬದಿ, ಬಸ್ ಟಿಕೆಟ್ಟಿನ ಸಣ್ಣ ಅಕ್ಷರ, ಏನನ್ನೂ ಅವನು ಓದದೆ ಬಿಡುವವನಲ್ಲ. ಯಾರ ಮನೆಗೆ ಯಾವ ನೋಟೀಸು ಬಂದರೂ ಅದು ಮೊದಲು ಪಂಡಿತನ ಬಾಗಿಲಿಗೆ ಬರುತ್ತಿತ್ತು. ಒಳ್ಳೆಯ ಮನುಷ್ಯ. ಹೆಂಡತಿಯ ಮೇಲೆ ಒಂದು ದಿನ ದನಿ ಎತ್ತಿದವನಲ್ಲ. ಅವಳು ಕೇಳುವ ಮೊದಲೇ ಎಲ್ಲವನ್ನೂ ವಿವರಿಸಿ ಮುಗಿಸಿರುತ್ತಿದ್ದ, ಅಷ್ಟೇ. ಅವಳ ಪಾಲಿಗೆ ಉಳಿಯುತ್ತಿದ್ದದ್ದು ತಲೆಯಾಡಿಸುವ ಕೆಲಸ.

ಅಂಥ ಮನೆಗೆ ಆಟದ ಪೆಟ್ಟಿಗೆ ಬಂತು. ಹಳೇ ಸಾಮಾನಿನ ಅಂಗಡಿಗೆ ಇಸ್ತ್ರಿಪೆಟ್ಟಿಗೆ ನೋಡಲು ಹೋದವರು ಇದನ್ನು ಹೊತ್ತುಕೊಂಡು ಬಂದರು. ಹಳದಿಗಟ್ಟಿದ ಪ್ಲಾಸ್ಟಿಕ್ಕು, ಎರಡು ರಿಮೋಟು, ಒಂದು ಚೀಲ ಕ್ಯಾಸೆಟ್ಟು. "ಜಪಾನಿಂದ ಬಂದಿದ್ದು. ಆಟ ಎಲ್ಲ ಗಟ್ಟಿಮುಟ್ಟಾಗಿದೆ, ಭಾಷೆ ಮಾತ್ರ ದೇವರಿಗೇ ಪ್ರೀತಿ," ಅಂದಿದ್ದ ಅಂಗಡಿಯವನು.

ಚೀಲದಲ್ಲಿದ್ದವುಗಳಲ್ಲಿ ಹೆಚ್ಚಿನವು ಓಡುವ, ಹಾರುವ, ಗುಂಡು ಹಾರಿಸುವ ಆಟಗಳು. ಒಂದು ಮಾತ್ರ ಬೇರೆ. ಅದರಲ್ಲಿ ಕಂದೀಲು ಹಿಡಿದ ಒಬ್ಬ ಪುಟ್ಟ ಹುಡುಗಿ ಊರಿಂದ ಊರಿಗೆ ನಡೆಯುತ್ತಾಳೆ. ಸಿಕ್ಕಸಿಕ್ಕವರನ್ನು ಮಾತಾಡಿಸುತ್ತಾಳೆ. ಅವರು ಬಾಯಿಬಿಟ್ಟರೆ ಪರದೆಯ ಕೆಳಗೆ ಟಿಕ್ ಟಿಕ್ ಎಂದು ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದು ಬರುತ್ತವೆ. ಮೊದಲ ದಿನ ಬಾವಿಕಟ್ಟೆಯ ಅಜ್ಜಿಯೊಬ್ಬಳು ಹಾಗೆ ಉದ್ದಕ್ಕೆ ಏನೋ ಹೇಳಿದಳು.

"ಏನಂತೆ ಅವಳದು?" ಅಂದಳು ಮೊದ್ದು, ಅಭ್ಯಾಸಬಲದಿಂದ.

ಗಂಡ ಬಾಯಿ ತೆರೆದ. ಮಾತು ಬರಲಿಲ್ಲ. ಅದನ್ನು ನೋಡಿದ್ದೇ ತಡ ಅವಳು ಚಪ್ಪಾಳೆ ತಟ್ಟಿದಳು. "ಅಬ್ಬಾ! ನಿಮಗೂ ಬರದೇ ಇರೋದು ಒಂದಿದೆಯಲ್ಲರೀ ಈ ಪ್ರಪಂಚದಲ್ಲಿ!"

ಅವನು ಬಾಯಿ ಮುಚ್ಚಿದ. ಆಮೇಲೆ ನಕ್ಕ. "ಇಲ್ಲ ಕಣೇ, ಇದೊಂದು ಬರಲ್ಲ. ಇದರಲ್ಲಿ ನಾನೂ ನಿನ್ನ ಹಾಗೇ."

ನಾನೂ ನಿನ್ನ ಹಾಗೇ. ಆ ಮಾತು ಕೇಳಿ ಅವಳಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಅಂದಿನಿಂದ ಸಂಜೆ ಕೆಲಸ ಮುಗಿಸಿ ಬಂದರೆ ಆಟ. ರಿಮೋಟು ಅವಳ ಕೈಯಲ್ಲಿ, ಪಕ್ಕದಲ್ಲಿ ಅವನು. ಅಕ್ಷರ ಓದಲು ಬಾರದವಳು ಅವಕ್ಕೆ ಹೆಸರಿಟ್ಟಳು. ಸುತ್ತಿಕೊಂಡಿರುವುದು ಬಸವನಹುಳು. ಪಕ್ಕಪಕ್ಕದಲ್ಲಿ ನಿಂತ ಎರಡು ಗೆರೆ ಜೋಡಿಕಡ್ಡಿ. ಕಾಲು ಚಾಚಿ ಓಡುತ್ತಿರುವಂತೆ ಕಾಣುವುದು ಓಡೋನು. ಯಾರಾದರೂ ಪ್ರಶ್ನೆ ಕೇಳಿ ಎರಡು ಉತ್ತರ ಮುಂದಿಟ್ಟರೆ, ಓಡೋನು ಇರುವ ಉತ್ತರವೇ "ಬೇಡ" ಎಂದು ಅವಳೇ ಕಂಡುಹಿಡಿದಳು. ಅದನ್ನು ಒತ್ತಿದಾಗಲೆಲ್ಲ ಎದುರಿನವರು ತಲೆ ತಗ್ಗಿಸುತ್ತಿದ್ದರು. ಮುರಿದ ಸೇತುವೆಯ ಹತ್ತಿರ ಗಂಟೆ ಬಾರಿಸಬೇಕು ಎಂದು ಕಂಡುಹಿಡಿದವಳೂ ಅವಳೇ. ಕುರುಡ ಕಮ್ಮಾರನಿಗೆ ಕತ್ತಿಯ ಬದಲು ಹೂವು ಕೊಡಬೇಕು ಎಂದದ್ದೂ ಅವಳೇ. ಒಂದೊಂದಕ್ಕೂ ಪಂಡಿತ ಕಣ್ಣರಳಿಸಿ, "ನನ್ನ ತಲೆಗೆ ಹೊಳೀಲೇ ಇಲ್ಲ ನೋಡು," ಅನ್ನುತ್ತಿದ್ದ. ಅವಳು ಉಬ್ಬಿಹೋಗುತ್ತಿದ್ದಳು.

ಆಟ ಉಳಿಸಿಕೊಳ್ಳಲು ಕ್ಯಾಸೆಟ್ಟಿನಲ್ಲಿ ಮೂರು ಜಾಗ ಇದ್ದವು. ಮೇಲಿನದು ಅವಳದು. "ಎರಡನೇದನ್ನ ಮುಟ್ಟಬೇಡ, ಹಳೇ ಮಾಲೀಕರದು. ಪಾಪ, ಯಾರೋ ಕಷ್ಟಪಟ್ಟು ಆಡಿರ್ತಾರೆ," ಅಂದಿದ್ದ ಗಂಡ. ಕಂಡರಿಯದವರ ಕಷ್ಟಕ್ಕೂ ಮರುಗುವ ಮನುಷ್ಯ ಎಂದು ಅವಳು ಮೆಚ್ಚಿಕೊಂಡಿದ್ದಳು.

ಬಾವಿಯ ವಿಷಯ ಬೇರೆಯೇ. ಅದು ಪೂರ್ತಿ ಅವಳದು. ಅತ್ತಿಗೆಗೆ ಕಾಯಿಲೆಯೆಂದು ಗಂಡ ತನ್ನ ಅಣ್ಣನ ಮನೆಗೆ ಹೋಗಿದ್ದ. ಅವಳು ಒಬ್ಬಳೇ ಕೂತು, ದಾರಿ ಮುಗಿದುಹೋದ ಆ ಕಥೆಯಲ್ಲಿ ಸುತ್ತಿ ಸುತ್ತಿ ಸಾಕಾಗಿ, ಬಾವಿಕಟ್ಟೆಯ ಮೇಲೆ ಕಂದೀಲು ಆರಿಸಿದಳು. ಕತ್ತಲಲ್ಲಿ ನೀರು ಬೆಳಗಿತು. ನೀರಿನೊಳಗೆ ಮೆಟ್ಟಿಲು ಕಂಡಿತು. ಮೆಟ್ಟಿಲಿಳಿದರೆ ಅರಮನೆ. ಅವಳು ಎದ್ದು ನಿಂತು ಖಾಲಿ ಮನೆಯಲ್ಲಿ ಕೂಗಿಕೊಂಡಳು. ಪಕ್ಕದ ಮನೆಯಾಕೆ ಕಳ್ಳ ಬಂದನೆಂದು ಬಾಗಿಲು ಬಡಿದಳು.

ಆ ಬಾವಿಯ ಬಲದಲ್ಲೇ ಅವಳು ಇನ್ನೊಂದು ಧೈರ್ಯ ಮಾಡಿದ್ದು. ಅವಳ ಕೆಲಸ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ, ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುವುದು. ಮೇಲಿನ ಪದರದ ಮೇಲೆ ರಟ್ಟಿನ ಅಚ್ಚುಗಳನ್ನಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುವವನು ಕಟಿಂಗ್ ಮಾಸ್ಟರ್. ತೋಳು, ಬೆನ್ನು, ಕಾಲರು ಎಲ್ಲವನ್ನೂ ಚೂರು ಬಟ್ಟೆಯೂ ಹಾಳಾಗದಂತೆ ಹೊಂದಿಸಬೇಕು. ಒಂದು ಗೆರೆ ತಪ್ಪಿದರೆ ಅಡಿಯಲ್ಲಿರುವ ಅಷ್ಟೂ ಪದರ ಚಿಂದಿ. ಮಾಸ್ಟರ್ ಕೆಲಸ ಬಿಡುತ್ತಿದ್ದ. ಊಟದ ಹೊತ್ತಿನಲ್ಲಿ ಮೊದ್ದು ಅಚ್ಚುಗಳನ್ನು ಆಚೀಚೆ ತಿರುಗಿಸಿ ಆಡುತ್ತಿದ್ದದ್ದನ್ನು ಯಜಮಾನಿ ನೋಡಿದ್ದಳು.

"ಸೋಮವಾರದಿಂದ ನೀನೇ ಗೆರೆ ಎಳೀತೀಯಾ? ನಿನ್ನ ಕೈಲಿ ಆಗುತ್ತೆ ಅನ್ಸುತ್ತೆ," ಅಂದಳು ಯಜಮಾನಿ.

ಹಿಂದಿನ ಮೊದ್ದು ಆಗಿದ್ದರೆ ಮೇಜಿನ ಕೆಳಗೆ ಅವಿತುಕೊಳ್ಳುತ್ತಿದ್ದಳು. ಬಾವಿಗಿಳಿದು ಬಂದ ಮೊದ್ದು, "ಎಳೀತೀನಿ," ಅಂದಳು. ಆಮೇಲೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಉಳಿದದ್ದು ಅರಮನೆಯ ಕೊನೆಯ ಬಾಗಿಲು. ಅಲ್ಲೊಬ್ಬ ಗಡ್ಡದ ಮುದುಕ ಮೂರು ಪ್ರಶ್ನೆ ಕೇಳುತ್ತಾನೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಒಂದು ತಪ್ಪಿದರೂ ಹುಡುಗಿಯನ್ನು ಎತ್ತಿ ಜೌಗಿಗೆ ಎಸೆಯುತ್ತಾನೆ. ಜೌಗಿನಿಂದ ಮತ್ತೆ ಬಾಗಿಲಿಗೆ ಬರಲು ಒಂದು ಸಂಜೆಯೇ ಬೇಕು. ಪ್ರಶ್ನೆಗಳೂ ಪ್ರತಿ ಸಲ ಬೇರೆ. ತಿಂಗಳುಗಟ್ಟಲೆ ಅವಳು ಜೌಗಿನ ಕೆಸರನ್ನೇ ತುಳಿದಳು. ಸೋಮವಾರದೊಳಗೆ ಆ ಬಾಗಿಲು ತೆಗೆದರೆ ಮೇಜಿನ ಮೇಲೆ ಗೆರೆ ಎಳೆಯುವುದೂ ತನ್ನ ಕೈಲಿ ಆಗುತ್ತದೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತವಳಂತೆ ಆಡುತ್ತಿದ್ದಳು. ಗಂಡ ಪಕ್ಕದಲ್ಲಿ ಕೂತು ಲೊಚಗುಟ್ಟುತ್ತಿದ್ದ. "ಬಿಡು, ಇವತ್ತಲ್ಲ ನಾಳೆ. ನಮ್ಮಿಬ್ಬರಿಗೂ ಭಾಷೆ ಬಂದಿದ್ರೆ ಈ ಪಾಡಿತ್ತಾ?"

ಶುಕ್ರವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಕರೆಂಟು ಹೋಯಿತು. ಇನ್ನು ಬರುವುದಿಲ್ಲವೆಂದು ತಿಳಿದ ಮೇಲೆ ಎಲ್ಲರನ್ನೂ ಮನೆಗೆ ಕಳಿಸಿದರು. ಗಂಡನಿಗೆ ಅಂದು ರಜೆ. ಚಪ್ಪಲಿ ಬಿಡುವಾಗಲೇ ಅವಳಿಗೆ ಆಟದ ಸಂಗೀತ ಕೇಳಿಸಿತು. ನನ್ನನ್ನು ಬಿಟ್ಟು ಆಡುತ್ತಿದ್ದಾರೆ, ಕಳ್ಳ, ಹಿಂದಿನಿಂದ ಹೋಗಿ ಹೆದರಿಸೋಣ ಎಂದು ಬೆಕ್ಕಿನ ಹೆಜ್ಜೆ ಇಟ್ಟು ಬಾಗಿಲವರೆಗೆ ಹೋದಳು.

ಪರದೆಯ ಮೇಲೆ ಅವಳು ಎಂದೂ ನೋಡದ ಒಂದು ಕೋಣೆ ಇತ್ತು. ಹೊನ್ನಿನ ಬಣ್ಣದ ಗೋಡೆ, ನಡುವೆ ಒಂದು ಮರ. ಮರದ ಕೆಳಗೆ ಕಂದೀಲಿನ ಹುಡುಗಿ, ಎದುರಿಗೆ ಒಂದು ಆಮೆ. ಎರಡೂ ಸುಮ್ಮನೆ ನಿಂತಿದ್ದವು. ಆಮೆ ಏನೋ ಹೇಳಿತು. ಟಿಕ್ ಟಿಕ್ ಎಂದು ಅಕ್ಷರ ಹರಿದವು.

ಗಂಡ ಗಹಗಹಿಸಿ ನಕ್ಕ.

ಅವಳು ಪರದೆಯನ್ನು ಮತ್ತೆ ನೋಡಿದಳು. ಯಾರೂ ಜಾರಿ ಬಿದ್ದಿರಲಿಲ್ಲ. ಯಾರೂ ಮೂತಿ ತಿರುವಿರಲಿಲ್ಲ. ನಗುವಂಥದ್ದೇನಾದರೂ ಅಲ್ಲಿದ್ದರೆ ಅದು ಆ ಅಕ್ಷರಗಳಲ್ಲೇ ಇತ್ತು. ಇನ್ನೊಂದು ಸಾಲು ಬಂತು. ಅವನ ತುಟಿ ಅದರ ಜೊತೆಜೊತೆಗೇ ಆಡಿತು. ಅವನು ಮತ್ತೆ ನಕ್ಕು, ತೊಡೆ ತಟ್ಟಿಕೊಂಡ.

ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಬೀದಿಯಲ್ಲಿ ಸುತ್ತಿದಳು. ಮುಚ್ಚಿದ ಒಂದು ಅಂಗಡಿಯ ಬಾಗಿಲನ್ನೇ ನೋಡುತ್ತ ನಿಂತಿದ್ದಳಂತೆ. ಎದುರಿನ ಅಂಗಡಿಯವನು ಆಮೇಲೆ ಯಾರ ಹತ್ತಿರವೋ ಹೇಳಿದ. ದಿನವೂ ಬರುವ ಹೊತ್ತಿಗೆ ಸರಿಯಾಗಿ ಮನೆಗೆ ಬಂದಳು. ಪೆಟ್ಟಿಗೆ ತಣ್ಣಗೆ ಕೂತಿತ್ತು. ಗಂಡ ಯಾವುದೋ ಔಷಧಿಯ ಚೀಟಿ ಓದುತ್ತಿದ್ದ.

ನಡೆಯುತ್ತ ನಡೆಯುತ್ತ ಅವಳಿಗೆ ಗಂಡನ ಒಂದು ಕೆಮ್ಮು ನೆನಪಾಗಿತ್ತು. ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಸಾಯುವ ಪುಟ್ಟ ಕೆಮ್ಮು. ಆಟದ ಹೊತ್ತಿನಲ್ಲಿ ಮಾತ್ರ ಬರುವಂಥದ್ದು. ಕಮ್ಮಾರನಿಗೆ ಕತ್ತಿ ಕೊಡಲು ಹೋದಾಗ ಅದು ಬಂದಿತ್ತು. ಸೇತುವೆಯ ಹತ್ತಿರ ಬೇರೆ ಏನೇನೋ ತೆಗೆದಾಗ ಬಂದಿತ್ತು. ಗಂಟೆ ತೆಗೆದಾಗ ಬಂದಿರಲಿಲ್ಲ. ತಾನು ಅದನ್ನು ಎಂದೂ ಗಮನಿಸಿರಲಿಲ್ಲ. ತನ್ನ ಹೆಬ್ಬೆರಳು ಗಮನಿಸಿತ್ತೇನೋ. ಹೌದೋ ಅಲ್ಲವೋ ತಿಳಿಯಬೇಕಿತ್ತು.

"ರೀ, ಇವತ್ತೇ ಕೊನೆ," ಅಂದಳು ಊಟವಾದ ಮೇಲೆ. "ಇವತ್ತು ಬಾಗಿಲು ತೆಗೀಲಿಲ್ಲ ಅಂದ್ರೆ ಈ ಪೆಟ್ಟಿಗೆ ವಾಪಸ್ ಕೊಟ್ಟುಬಿಡೋಣ. ಯಜಮಾನಿಗೂ ಹೇಳಿಬಿಡ್ತೀನಿ, ನನ್ನ ಕೈಲಿ ಆಗಲ್ಲ, ನನಗೆ ಅಷ್ಟು ತಲೆ ಇಲ್ಲ ಅಂತ."

"ಛೆ, ಹಾಗೆಲ್ಲ ಮಾತಾಡಬೇಡ. ಇವತ್ತು ಖಂಡಿತ ತೆಗೀತೀಯ ನೋಡು," ಅಂದ ಅವನು. ಹತ್ತಿರ ಸರಿದು ಕೂತ.

ಜೌಗು ದಾಟಿ ಬಾಗಿಲು ಮುಟ್ಟುವಷ್ಟರಲ್ಲಿ ಬೀದಿಯೆಲ್ಲ ಮಲಗಿತ್ತು. ಮುದುಕನ ಮೊದಲ ಪ್ರಶ್ನೆ ಬಂತು. ಅವಳು ಬೆರಳನ್ನು ಮೊದಲ ಉತ್ತರದ ಮೇಲೆ ತಂದು ನಿಲ್ಲಿಸಿದಳು. ಒತ್ತಲಿಲ್ಲ, ಕಾದಳು. ಪಕ್ಕದಿಂದ ಸಣ್ಣ ಕೆಮ್ಮು. ಎರಡನೆಯದಕ್ಕೆ ಇಳಿದಳು. ಕೆಮ್ಮು. ಮೂರನೆಯದು. ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ. ಒತ್ತಿದಳು. ಬಾಗಿಲಿನ ಒಂದು ಅಗುಳಿ ಕಳಚಿ ಬಿತ್ತು.

ದೇವರೇ, ಎರಡನೆಯದರಲ್ಲಾದರೂ ಇವರು ಕೆಮ್ಮದೆ ಇರಲಿ ಎಂದು ಅವಳು ಬೇಡಿಕೊಂಡಳು. ತಾನೇ ತಪ್ಪಾಗಿರಲಿ, ಜೌಗಿಗೆ ಬೀಳಲಿ, ಸಂತೋಷದಿಂದ ಬೀಳುತ್ತೇನೆ ಎಂದುಕೊಂಡಳು. ಅವನು ಕೆಮ್ಮಿದ. ಎರಡನೆಯ ಅಗುಳಿಯೂ ಬಿತ್ತು. ಮೂರನೆಯ ಪ್ರಶ್ನೆಗೆ ಅವಳು ಪರದೆಯ ಕಡೆ ನೋಡಲೂ ಇಲ್ಲ. ಕಿವಿಗೊಟ್ಟು ಬೆರಳಾಡಿಸಿದಳು. ತಿಂಗಳುಗಟ್ಟಲೆ ಕನಸಿನಲ್ಲಿ ಕಾಡಿದ ಬಾಗಿಲು ಒಬ್ಬ ಮನುಷ್ಯನ ಗಂಟಲಿನಿಂದ ತೆರೆದುಕೊಂಡಿತು. ಹೊನ್ನಿನ ಬಣ್ಣದ ಗೋಡೆ, ನಡುವೆ ಮರ.

"ತೆಗೆದೇಬಿಟ್ಟೆ! ನೋಡಿದ್ಯಾ? ನೀನೇ ತೆಗೆದೆ!" ಗಂಡ ಕೂಗಿ ಅವಳ ಬೆನ್ನು ತಟ್ಟಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಕೆಮ್ಮು ವಾಸಿಯಾಯ್ತಾ?" ಅಂದಳು ಅವಳು.

"ಯಾವ ಕೆಮ್ಮು?"

"ಇನ್ನೊಂದು ಸ್ವಲ್ಪ ಹೊತ್ತಿಗೆ ಒಂದು ಆಮೆ ಬರುತ್ತೆ. ಅದೇನೋ ತಮಾಷೆ ಹೇಳುತ್ತೆ. ಮಧ್ಯಾಹ್ನ ತೊಡೆ ತಟ್ಟಿಕೊಂಡು ನಕ್ಕಿರಲ್ಲ, ಅದೇನು ಅಂತ ನನಗೂ ಹೇಳಿ, ನಾನೂ ನಗ್ತೀನಿ."

ಪಂಡಿತನಿಗೆ ಮೊದಲ ಬಾರಿಗೆ ಓದಲು ಏನೂ ಸಿಗಲಿಲ್ಲ. ಗೋಡೆ ನೋಡಿದ, ರಿಮೋಟು ನೋಡಿದ. ಆಮೇಲೆ ಒಂದೊಂದಾಗಿ ಹೊರಬಂತು. ಮದುವೆಗೆ ಮುಂಚೆ ಅವನಿದ್ದ ಯಂತ್ರದ ಕಂಪನಿ ಜಪಾನಿನವರದು. ಅಲ್ಲಿ ಕೆಲಸದವರಿಗೆ ಭಾಷೆ ಕಲಿಸುತ್ತಿದ್ದರು. ಆ ಕಂಪನಿಯ ಕ್ಯಾಂಟೀನಿನ ಬೆಕ್ಕಿನ ಕಥೆ, ದೊಡ್ಡ ಸಾಹೇಬನ ಬೋಳುತಲೆಯ ಕಥೆ ಎಲ್ಲ ಅವಳಿಗೆ ಬಾಯಿಪಾಠ. ಇದೊಂದು ಮಾತ್ರ ಅವನ ಬಾಯಿಂದ ಎಂದೂ ಬಂದಿರಲಿಲ್ಲ. ಎರಡನೆಯ ಜಾಗ ಯಾವ ಹಳೇ ಮಾಲೀಕರದ್ದೂ ಅಲ್ಲ. ಆಟ ತಂದ ತಿಂಗಳಲ್ಲೇ ಅವನೊಬ್ಬನೇ ಅದನ್ನು ಆಡಿ ಮುಗಿಸಿದ್ದ.

"ಮೊದಲ ದಿನ ನೀನು ಅಷ್ಟು ಖುಷಿಪಟ್ಟೆ ಕಣೇ. ಅದನ್ನ ಹಾಳು ಮಾಡೋಕೆ ಮನಸ್ಸು ಬರಲಿಲ್ಲ."

"ಅದು ಮೊದಲ ದಿನ. ಎರಡನೇ ದಿನ?"

ಅವನು ಇನ್ನೊಂದು ರಿಮೋಟಿನ ವೈರನ್ನು ಬೆರಳಿಗೆ ಸುತ್ತತೊಡಗಿದ.

"ಈ ಬಾಗಿಲಲ್ಲಿ ಇಷ್ಟು ದಿನ ಯಾಕೆ ಕೆಮ್ಮಲಿಲ್ಲ? ನಾನು ಒದ್ದಾಡ್ತಿದ್ದದ್ದು ಕಾಣಲಿಲ್ವಾ?"

"ಬೇಗ ಮುಗಿದುಹೋದ್ರೆ ನಿನಗೇ ಬೇಜಾರಾಗ್ತಿತ್ತು. ಸ್ವಲ್ಪ ಕಷ್ಟ ಇರಲಿ ಅಂತ..." ಅವನು ತಡವರಿಸಿದ. "ಮತ್ತೆ, ನೀನು ಹುಡುಕೋದನ್ನ ನೋಡೋಕೆ ಚೆನ್ನಾಗಿತ್ತು."

ಅವಳನ್ನು ಇರಿದದ್ದು ಆ ಕೊನೆಯ ಮಾತು. ಇಷ್ಟು ಸಂಜೆಗಳೂ ಇಬ್ಬರೂ ಕೂಡಿ ಟಿ.ವಿ. ನೋಡುತ್ತಿದ್ದೇವೆ ಎಂದುಕೊಂಡಿದ್ದಳು. ಟಿ.ವಿ. ನೋಡುತ್ತಿದ್ದವಳು ಅವಳೊಬ್ಬಳೇ. ಅವನು ಅವಳನ್ನು ನೋಡುತ್ತಿದ್ದ. ಮೂಗಿಗೆ ತುಪ್ಪ ಸವರಿ, ಅವಳು ಮೂಗೆತ್ತಿ ಮೂಸುವುದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ತವರಿನಲ್ಲಾದರೆ ಮೊದ್ದು ಎಂದು ಎದುರಿಗೇ ಕರೆಯುತ್ತಿದ್ದರು. ಇವನು ಜಾಣೆ ಎಂದು ಕರೆದು ಮೊದ್ದು ಮಾಡಿದ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು, ತಾನು ಬಟ್ಟೆ ಬದಲಿಸುವಾಗ ಯಾರೋ ಕಿಟಕಿಯಲ್ಲಿ ನಿಂತಿದ್ದರೆಂದು ಈಗ ತಿಳಿದ ಹಾಗೆ.

"ಬಾವಿ?" ಅಂದಳು ಕೊನೆಗೆ.

ಅವನ ಮುಖ ಅರಳಿತು. ಹಿಡಿಯಲು ಒಂದು ಕೊಂಬೆ ಸಿಕ್ಕಿತಲ್ಲ. "ಬಾವಿ ನಿನ್ನದೇ! ಅದರ ಬಗ್ಗೆ ಆಟದಲ್ಲಿ ಎಲ್ಲೂ ಒಂದಕ್ಷರ ಬರೆದಿಲ್ಲ. ನಾನು ಅರಮನೆಗೆ ಬೆಟ್ಟದ ಕಡೆಯಿಂದ ಸುತ್ತಿ ಹೋಗಿದ್ದೆ. ಬಾವೀಲಿ ದಾರಿ ಇದೆ ಅಂತ ನನಗೂ ಗೊತ್ತಿರಲಿಲ್ಲ, ನಿನ್ನಾಣೆ. ನಾನು ಊರಲ್ಲೇ ಇರಲಿಲ್ಲವಲ್ಲ!"

"ನಿಮ್ಮಣ್ಣನ ಮನೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಏನಂದ್ರಿ?"

"ಏನಂದೆ?"

"ದೀಪ ಆರಿಸಿ ಮಲಕ್ಕೋ ಅಂದ್ರಿ."

ಅವನು ಕಣ್ಣುಬಾಯಿ ಬಿಟ್ಟ. "ಅದು ಮನೆ ದೀಪ ಕಣೇ! ಕರೆಂಟ್ ಬಿಲ್ ಬರುತ್ತೆ ಅಂತ ಹೇಳಿದ್ದು!"

ನಿಜವೇ ಇರಬಹುದು. ಬಹುಶಃ ನಿಜವೇ. ಆದರೆ ಬಾವಿ ಅವಳದೇ ಎನ್ನಲು ಈ ಪ್ರಪಂಚದಲ್ಲಿ ಇದ್ದ ಸಾಕ್ಷಿ ಅವನೊಬ್ಬನೇ. ಅವನ ಸಾಕ್ಷಿ ಇನ್ನು ನಡೆಯುವುದಿಲ್ಲ. ಪರದೆಯ ಮೇಲೆ ಆಮೆ ಬಂದು ಅಕ್ಷರ ಸುರಿಸುತ್ತಿತ್ತು. "ಓದಿ ಹೇಳ್ಲಾ? ಕೊನೆ ಚೆನ್ನಾಗಿದೆ," ಅಂದ ಅವನು, ಮೆತ್ತಗೆ.

ಅವಳು ಎದ್ದು ಸ್ವಿಚ್ಚು ಆರಿಸಿದಳು.

ಸೋಮವಾರದವರೆಗೆ ಮನೆಯಲ್ಲಿ ಮಾತಿಗೆ ಬರಗಾಲ. ಅವನು ಮಾಡಿದ ಟೀ ತಣ್ಣಗಾಯಿತು. ತಪ್ಪಾಯಿತು ಎಂದು ಎರಡು ಸಲ ಹೇಳಿದ. ಅದನ್ನಾದರೂ ನಂಬಲೇ ಎಂದು ಅವಳು ಯೋಚಿಸಿದಳು. ಸೋಮವಾರ ಬೆಳಿಗ್ಗೆ ಅವನು "ಚೆನ್ನಾಗಿ ಮಾಡ್ತೀಯ, ಹೆದರಬೇಡ," ಅಂದಾಗ, ಇಷ್ಟು ದಿನ ಬೆನ್ನಿಗೆ ಬಲ ಕೊಡುತ್ತಿದ್ದ ಅದೇ ಮಾತಿಗೆ ಬೆನ್ನಮೇಲೆ ಹಲ್ಲಿ ಹರಿದಂತಾಯಿತು.

ಕಾರ್ಖಾನೆಯಲ್ಲಿ ಮೇಜು ಸಿದ್ಧವಾಗಿತ್ತು. ನೀಲಿ ಬಟ್ಟೆ ಪದರದ ಮೇಲೆ ಪದರ, ಮೊಳಕೈವರೆಗೆ. ಯಜಮಾನಿ ಒಂದು ತುದಿಯಲ್ಲಿ ಕೈಕಟ್ಟಿ ನಿಂತಿದ್ದಳು. ಬಟ್ಟೆ ಹಾಸುವ ಹೆಂಗಸರು ಗೋಡೆಯ ಪಕ್ಕ. ಮೊದ್ದು ಬೆನ್ನಿನ ಅಚ್ಚು ಇಟ್ಟಳು, ತೋಳು ಇಟ್ಟಳು. ಎರಡು ತೋಳಿನ ನಡುವೆ ಉಳಿದ ಕೊಕ್ಕಿನಂಥ ಜಾಗ ಕಣ್ಣಿಗೆ ಬಿತ್ತು. ಕಾಲರಿನ ಅಚ್ಚನ್ನು ತಿರುಗಿಸಿ ಅಲ್ಲಿಗೆ ತಂದಳು. ಅಳತೆ ತೆಗೆದುಕೊಂಡು ಹೊಲಿದ ಹಾಗೆ ಕೂತಿತು. ಊಟದ ಹೊತ್ತಿನಲ್ಲಿ ಎಷ್ಟೋ ಸಲ ಕೂರಿಸಿ ನೋಡಿದ ಜಾಗವೇ ಅದು. ಸೀಮೆಸುಣ್ಣ ತೆಗೆದುಕೊಂಡಳು.

ಹಿಂದೆ ಯಾರೋ ಕೆಮ್ಮಿದರು.

ಆ ಕಾರ್ಖಾನೆಯಲ್ಲಿ ಕೆಮ್ಮದವರೇ ಇಲ್ಲ. ಗಾಳಿಯ ತುಂಬ ಹತ್ತಿಯ ಧೂಳು. ಬಾಗಿಲ ಕಾವಲಿನವನಿಂದ ಯಜಮಾನಿಯವರೆಗೆ ಎಲ್ಲರಿಗೂ ಗಂಟಲು ಕೆರೆತ. ಅದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವಳ ಕೈ ಕಾಲರಿನ ಅಚ್ಚನ್ನು ಎತ್ತಿ ಪಕ್ಕಕ್ಕೆ ಸರಿಸಿತು. ಸರಿಸಿದ್ದನ್ನು ಅವಳು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದಳು.

"ಯಾಕೆ ತೆಗೆದೆ? ಸರಿಯಾಗೇ ಇತ್ತಲ್ಲ," ಅಂದಳು ಯಜಮಾನಿ.

ಸರಿಯಾಗಿತ್ತೇ? ನಿಜವಾಗಿ ಸರಿಯಾಗಿತ್ತೇ, ಇಲ್ಲಾ ಇವಳೂ ಧೈರ್ಯ ತುಂಬಲು ಹೇಳುತ್ತಿದ್ದಾಳೆಯೇ? ಮೊದ್ದು ಯಜಮಾನಿಯ ಮುಖದಲ್ಲಿ ಹುಡುಕಿದಳು. ಮುಖವೂ ಆ ಅಕ್ಷರಗಳ ಹಾಗೇ ಇತ್ತು, ನೋಡಬಹುದು, ಓದಲಾಗದು.

"ಎಲ್ಲರೂ ಸ್ವಲ್ಪ ಹೊರಗಡೆ ಹೋಗಿ," ಅಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕೆಂದರು.

"ನೀವೂ ಹೋಗಿ ಅಮ್ಮಾ. ದಯವಿಟ್ಟು."

ಯಜಮಾನಿ ಹುಬ್ಬು ಗಂಟಿಕ್ಕಿದಳು. ಆದರೂ ಮೊದ್ದುವಿನ ದನಿಯಲ್ಲಿ ಏನು ಕೇಳಿಸಿತೋ, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಅವಳೊಬ್ಬಳೇ ಉಳಿದಳು. ಕಾಲರಿನ ಅಚ್ಚನ್ನು ಮತ್ತೆ ಆ ಕೊಕ್ಕಿನಂಥ ಜಾಗಕ್ಕೆ ತಂದಳು. ಕೂತಿತು. ಸೀಮೆಸುಣ್ಣವನ್ನು ಅಂಚಿಗೆ ತಾಗಿಸಿದಳು. ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ. ಕೆಮ್ಮಲು ಅಲ್ಲಿ ಯಾರೂ ಇರಲಿಲ್ಲ. ಅವಳ ಬೆರಳು ಮಾತ್ರ ಇನ್ನೂ ಕಾಯುತ್ತಿತ್ತು.